ದೃಷ್ಟಿ ಮತ್ತು ಅರಿವು

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಕನ್ನಡ ನಾಡಿನ ಹಳೆಯ ಗಾದೆ. ಕಣ್ಣಾರೆ ಕಂಡದ್ದಕ್ಕಿಂತ ಮಿಗಿಲಾದ ಸಾಕ್ಷ್ಯವಿಲ್ಲವೆಂದು ನಂಬುವ ಲೋಕಕ್ಕೆ, ಕಂಡದ್ದನ್ನೂ ಒರೆಗೆ ಹಚ್ಚಬೇಕೆಂದು ಈ ಗಾದೆ ಎಚ್ಚರಿಕೆ ನೀಡುತ್ತದೆ. ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ವಿಜ್ಞಾನಿಗಳು ಕಾಣುವುದೆಂಬ ಕ್ರಿಯೆಯನ್ನೇ ಪ್ರಮಾಣಿಸಿ ನೋಡಿದ್ದಾರೆ. ಅದರಿಂದ ಎರಡು ಮುಖ್ಯ ಸಂಗತಿಗಳು ಹೊರಪಟ್ಟಿವೆ. ಮೊದಲನೆಯದು, ಕಾಣುವ ಕೆಲಸದ ಬಹುಪಾಲು ನಡೆಯುವುದು ಕಣ್ಣಿನಲ್ಲಲ್ಲ, ಮೆದುಳಿನಲ್ಲಿ. ಎರಡನೆಯದು, ಮೆದುಳು ಕಾಣುವ ಕೆಲಸವನ್ನು ಮಾಡುವುದೂ ‘ಕಾಣುತ್ತಿದ್ದೇನೆ’ ಎಂಬ ಅರಿವು ಮನುಷ್ಯನಲ್ಲಿ ಮೂಡುವುದೂ ಒಂದೇ ಅಲ್ಲ. ಅರಿವಿಲ್ಲದೆಯೂ ಆ ಕೆಲಸ ನಡೆಯಬಲ್ಲದು. ಇವೆರಡೂ ಕೇವಲ ಪಂಡಿತರ ಚರ್ಚೆಗೆ ಮೀಸಲಾದ ವಿಷಯಗಳಲ್ಲ. ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕುಳಿತ ಮಗುವಿನ ಭವಿಷ್ಯಕ್ಕೂ ಇವು ಸಂಬಂಧಿಸಿವೆ.

ಕಣ್ಣಿನಿಂದ ಮೆದುಳಿಗೆ

ಕಣ್ಣನ್ನು ಕ್ಯಾಮೆರಾಕ್ಕೆ ಹೋಲಿಸುವುದು ಶಾಲೆಯ ಪಾಠಗಳಲ್ಲಿ ರೂಢಿಯಾಗಿದೆ. ಒಂದು ಮಿತಿಯವರೆಗೆ ಈ ಹೋಲಿಕೆ ಸರಿಯಾದುದೇ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವೂ ಅದರ ಹಿಂದಿರುವ ಮಸೂರವೂ ಬೆಳಕನ್ನು ಬಾಗಿಸಿ, ಹಿಂಗೋಡೆಯ ಅಕ್ಷಿಪಟಲದ ಮೇಲೆ ಹೊರಗಿನ ದೃಶ್ಯದ ಪ್ರತಿಬಿಂಬವನ್ನು ಬೀಳಿಸುತ್ತವೆ. ಈ ಬಿಂಬ ತಲೆಕೆಳಗಾಗಿರುತ್ತದೆಂದು ಖಗೋಳವಿಜ್ಞಾನಿ ಯೋಹಾನ್ ಕೆಪ್ಲರ್ 1604ರಲ್ಲಿಯೇ ವಿವರಿಸಿದನು. ಆದರೆ ಅಲ್ಲಿಂದ ಮುಂದೆ ಏನಾಗುತ್ತದೆಂಬುದನ್ನು ಅವನು ಇತರರಿಗೆ ಬಿಟ್ಟನು. ಬಿಟ್ಟದ್ದೇ ಕಠಿಣವಾದ ಭಾಗ. ಅಕ್ಷಿಪಟಲದ ಮೇಲೆ ಚಿತ್ರವಿದೆಯೆಂದರೆ ಆ ಚಿತ್ರವನ್ನು ನೋಡುವವರು ಯಾರು? ತಲೆಯೊಳಗೆ ಕುಳಿತ ಒಬ್ಬ ಪುಟ್ಟ ಮನುಷ್ಯನೆನ್ನುವುದಾದರೆ ಅವನ ತಲೆಯೊಳಗೆ ಮತ್ತೊಬ್ಬನು ಬೇಕಾಗುತ್ತದೆ. ಹೀಗೆ ಪ್ರಶ್ನೆ ಹಿಂದೆ ಹಿಂದೆ ಸರಿಯುತ್ತದೆಯೇ ಹೊರತು ಬಗೆಹರಿಯುವುದಿಲ್ಲ.

ವಾಸ್ತವವಾಗಿ ಮೆದುಳಿಗೆ ತಲುಪುವುದು ಚಿತ್ರವಲ್ಲ. ಒಂದು ಕಣ್ಣಿನ ಅಕ್ಷಿಪಟಲದಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳು ಸುಮಾರು 12 ಕೋಟಿ, ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುವ ಶಂಕುಕೋಶಗಳು ಸುಮಾರು 60 ಲಕ್ಷ ಇವೆ. ಆದರೆ ಕಣ್ಣಿನಿಂದ ಮೆದುಳಿಗೆ ಹೋಗುವ ದೃಷ್ಟಿನರದಲ್ಲಿರುವ ತಂತುಗಳು ಹತ್ತು ಹನ್ನೆರಡು ಲಕ್ಷ ಮಾತ್ರ. ಆದುದರಿಂದ ಕಣ್ಣು ತಾನು ಪಡೆದ ಬೆಳಕಿನ ವಿವರವನ್ನೆಲ್ಲ ಹಾಗೆಯೇ ಸಾಗಿಸುವುದಿಲ್ಲ. ಎಲ್ಲಿ ಬೆಳಕು ಕತ್ತಲಾಗಿ ಮಾರ್ಪಡುತ್ತದೆ, ಎಲ್ಲಿ ಬಣ್ಣ ಬದಲಾಗುತ್ತದೆ, ಎಲ್ಲಿ ಚಲನೆಯಿದೆ ಎಂಬ ಸಾರಾಂಶವನ್ನು ವಿದ್ಯುತ್ ಸಂಜ್ಞೆಗಳಾಗಿ ಕಳುಹಿಸುತ್ತದೆ. ದಾರಿಯಲ್ಲಿ ಎರಡೂ ಕಣ್ಣುಗಳ ನರಗಳು ಸಂಧಿಸಿ, ದೃಶ್ಯದ ಎಡಭಾಗದ ಸಮಾಚಾರ ಬಲಮೆದುಳಿಗೂ ಬಲಭಾಗದ ಸಮಾಚಾರ ಎಡಮೆದುಳಿಗೂ ಹಂಚಿಹೋಗುತ್ತದೆ. ಅನಂತರ ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗವನ್ನು ಹಾಯ್ದು ಅದು ಹಿಂದಲೆಯಲ್ಲಿರುವ ದೃಷ್ಟಿಕೇಂದ್ರವನ್ನು ಸೇರುತ್ತದೆ.

ಮೆದುಳು ಈ ಸಾರಾಂಶದಿಂದ ನೋಟವನ್ನು ಕಟ್ಟಿಕೊಳ್ಳುತ್ತದೆಂಬುದಕ್ಕೆ ಪ್ರತಿಯೊಬ್ಬರೂ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಬಿಳಿಯ ಹಾಳೆಯ ಮೇಲೆ ಎಡಕ್ಕೆ ಒಂದು ಗುಣಾಕಾರ ಚಿಹ್ನೆಯನ್ನೂ ಅದರಿಂದ 8 ಸೆಂಟಿಮೀಟರ್ ಬಲಕ್ಕೆ ಒಂದು ಕಪ್ಪು ಚುಕ್ಕೆಯನ್ನೂ ಬರೆಯಬೇಕು. ಎಡಗಣ್ಣನ್ನು ಮುಚ್ಚಿ, ಬಲಗಣ್ಣನ್ನು ಗುಣಾಕಾರ ಚಿಹ್ನೆಯ ಮೇಲೆ ನೆಟ್ಟು, ಹಾಳೆಯನ್ನು ಮುಖದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಮೆಲ್ಲಗೆ ಹಿಂದೆ ಮುಂದೆ ಸರಿಸಿದರೆ ಒಂದು ಸ್ಥಾನದಲ್ಲಿ ಚುಕ್ಕೆ ಮಾಯವಾಗುತ್ತದೆ. ದೃಷ್ಟಿನರ ಅಕ್ಷಿಪಟಲದಿಂದ ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲದಿರುವುದೇ ಇದಕ್ಕೆ ಕಾರಣ. ಈ ಅಂಧಬಿಂದುವನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಎಡ್ಮ್ ಮಾರಿಯಟ್ ಕಂಡುಹಿಡಿದನು. ವಿಚಾರ ಮಾಡಬೇಕಾದ ಅಂಶವೆಂದರೆ, ಚುಕ್ಕೆ ಮಾಯವಾದ ಸ್ಥಳದಲ್ಲಿ ಕಪ್ಪು ಕುಳಿಯೇನೂ ಕಾಣುವುದಿಲ್ಲ; ಬಿಳಿಯ ಹಾಳೆಯೇ ಅಖಂಡವಾಗಿ ಕಾಣುತ್ತದೆ. ಬಾರದ ಸಮಾಚಾರದ ಸ್ಥಾನವನ್ನು ಮೆದುಳು ಸುತ್ತಲಿನ ಬಣ್ಣದಿಂದ ತುಂಬಿದಂತೆ ತೋರುತ್ತದೆ. ತುಂಬಿರುವುದು ಮಾತ್ರ ನೋಡುವವನಿಗೆ ತಿಳಿಯುವುದೇ ಇಲ್ಲ.

ಯುದ್ಧಭೂಮಿಯಲ್ಲಿ ದೊರೆತ ನಕ್ಷೆ

ಹಿಂದಲೆಯ ಯಾವ ಭಾಗ ದೃಶ್ಯದ ಯಾವ ಭಾಗಕ್ಕೆ ಸಂಬಂಧಿಸಿದೆಯೆಂಬ ಜ್ಞಾನ ಮೊದಲು ಸ್ಪಷ್ಟವಾಗಿ ದೊರೆತದ್ದು ಪ್ರಯೋಗಶಾಲೆಯಲ್ಲಲ್ಲ, ಯುದ್ಧಭೂಮಿಯಲ್ಲಿ. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ಬಳಕೆಯಾದ ಬಂದೂಕುಗಳ ಗುಂಡುಗಳು ಚಿಕ್ಕವಾಗಿದ್ದು ಅತಿ ವೇಗದಿಂದ ಹಾರುತ್ತಿದ್ದವು. ಅವು ತಲೆಬುರುಡೆಯನ್ನು ಒಂದು ಕಡೆಯಿಂದ ಹೊಕ್ಕು ಮತ್ತೊಂದು ಕಡೆಯಿಂದ ಹೊರಟರೂ ಕೆಲವು ಸೈನಿಕರು ಬದುಕಿ ಉಳಿದರು. ಅಂಥವರ ದೃಷ್ಟಿ ಎಷ್ಟು ನಷ್ಟವಾಗಿದೆಯೆಂದು ಅಳೆದು ಅವರ ಪಿಂಚಣಿಯನ್ನು ನಿರ್ಣಯಿಸುವ ಹೊಣೆ ಜಪಾನಿನ ನೇತ್ರವೈದ್ಯ ತತ್ಸುಜಿ ಇನೌಯೆಯವರದಾಗಿತ್ತು. ಗುಂಡು ಹೊಕ್ಕ ರಂಧ್ರ, ಹೊರಟ ರಂಧ್ರಗಳ ನಡುವೆ ಗೆರೆ ಎಳೆದು ಮೆದುಳಿನ ಯಾವ ಭಾಗ ಹಾಳಾಗಿರಬೇಕೆಂದು ಲೆಕ್ಕ ಹಾಕಿ, ಅದನ್ನು ಸೈನಿಕನಿಗೆ ಕಾಣದಾದ ಭಾಗದೊಡನೆ ಅವರು ಹೋಲಿಸಿ ನೋಡಿದರು. 1909ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ದೃಷ್ಟಿಕೇಂದ್ರದ ನಕ್ಷೆಯೊಂದು ಮೂಡಿಬಂತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ನರವೈದ್ಯ ಗಾರ್ಡನ್ ಹೋಮ್ಸ್ ಗಾಯಗೊಂಡ ಸೈನಿಕರನ್ನು ಪರೀಕ್ಷಿಸಿ ಈ ನಕ್ಷೆಯನ್ನು ಬಲಪಡಿಸಿದರು.

ಈ ನಕ್ಷೆ ಸಮಪ್ರಮಾಣದ್ದಲ್ಲ. ದೃಷ್ಟಿ ನೆಟ್ಟಿರುವ ನಡುಭಾಗ ಹೊರಗೆ ಬಲು ಚಿಕ್ಕದಾದರೂ ಮೆದುಳಿನಲ್ಲಿ ಅದಕ್ಕೆ ದೊರೆತಿರುವ ಜಾಗ ಬಹು ವಿಸ್ತಾರವಾದುದು. ಅಂಚಿನ ಭಾಗಗಳಿಗೆ ದೊರೆತಿರುವುದು ಅತ್ಯಲ್ಪ. ಓದುವಾಗ ಒಂದೆರಡು ಪದಗಳು ಮಾತ್ರ ಸ್ಫುಟವಾಗಿ ಕಂಡು ಉಳಿದವು ಮಸುಕಾಗಿರುವುದಕ್ಕೆ ಅಕ್ಷಿಪಟಲದ ರಚನೆಯೊಡನೆ ಇದೂ ಒಂದು ಕಾರಣ.

ಆ ಯುದ್ಧದ ಗಾಯಾಳುಗಳಲ್ಲಿಯೇ ಮತ್ತೊಂದು ವಿಚಿತ್ರ ಸಂಗತಿ ಬೆಳಕಿಗೆ ಬಂತು. ಕುರುಡಾದ ಭಾಗದಲ್ಲಿ ನಿಂತ ವಸ್ತುವನ್ನು ಕಾಣದ ಕೆಲವರು ಅಲ್ಲಿಯೇ ಏನಾದರೂ ಚಲಿಸಿದರೆ ಅದನ್ನು ಗುರುತಿಸುತ್ತಾರೆಂದು ಜಾರ್ಜ್ ರಿಡಾಕ್ ಎಂಬ ವೈದ್ಯರು 1917ರಲ್ಲಿ ವರದಿ ಮಾಡಿದರು. ಹೋಮ್ಸ್ ಅದನ್ನು ಒಪ್ಪಲಿಲ್ಲ. ರಿಡಾಕ್ ಸೂಚಿಸಿದ ಜಾಡು ಎಷ್ಟು ಮಹತ್ವದ್ದೆಂಬುದು ತಿಳಿಯಲು ಅರ್ಧ ಶತಮಾನವೇ ಹಿಡಿಯಿತು.

ನರಕೋಶಗಳ ಕಾರ್ಯವಿಭಜನೆ

ದೃಷ್ಟಿಕೇಂದ್ರದ ಒಂದೊಂದು ನರಕೋಶವೂ ಏನು ಮಾಡುತ್ತದೆಂಬುದನ್ನು ಅರಿಯುವ ಕಾರ್ಯ 1958ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟೆನ್ ವೀಸೆಲ್ ಎಂಬ ತರುಣ ವಿಜ್ಞಾನಿಗಳು ಬೆಕ್ಕಿನ ಮೆದುಳಿಗೆ ಕೂದಲಿನಷ್ಟು ಸೂಕ್ಷ್ಮವಾದ ತಂತಿಯನ್ನಿಳಿಸಿ, ಪರದೆಯ ಮೇಲೆ ಚುಕ್ಕೆಗಳನ್ನು ತೋರಿಸಿ ಕೋಶದ ಸ್ಪಂದನಕ್ಕಾಗಿ ಗಂಟೆಗಟ್ಟಲೆ ಕಾದರು. ಕೋಶ ಮಿಸುಕಲಿಲ್ಲ. ಗಾಜಿನ ಸ್ಲೈಡನ್ನು ಯಂತ್ರದೊಳಗೆ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಹಾಯ್ದೊಡನೆ ಕೋಶ ಪಟಪಟನೆ ಸ್ಪಂದಿಸಿತು. ಅದಕ್ಕೆ ಬೇಕಾಗಿದ್ದದ್ದು ಚುಕ್ಕೆಯಲ್ಲ, ಒಂದು ನಿರ್ದಿಷ್ಟ ದಿಕ್ಕಿಗೆ ಓರೆಯಾಗಿರುವ ಗೆರೆ. ಪಕ್ಕದ ಕೋಶಕ್ಕೆ ಬೇರೆ ಓರೆಯ ಗೆರೆ ಬೇಕು. ಈ ಸಂಶೋಧನೆಗಾಗಿ ಅವರಿಬ್ಬರಿಗೂ 1981ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ಗೆರೆಗಳಿಂದ ಮುಂದೆ ಕೆಲಸ ಹಲವು ವಿಭಾಗಗಳಿಗೆ ಹಂಚಿಹೋಗುತ್ತದೆ. ಕೋತಿಯ ಮೆದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ ಮೂವತ್ತಕ್ಕೂ ಹೆಚ್ಚು ಕ್ಷೇತ್ರಗಳನ್ನು ಗುರುತಿಸಲಾಗಿದೆ. ಚಲನೆಗೆ ಒಂದು, ಬಣ್ಣಕ್ಕೆ ಮತ್ತೊಂದು, ಮುಖಗಳನ್ನು ಗುರುತಿಸಲು ಇನ್ನೊಂದು ಹೀಗೆ ಅವುಗಳಲ್ಲಿ ವಿಶೇಷ ಹೊಣೆಗಾರಿಕೆಯಿದೆ. ಮನುಷ್ಯರಲ್ಲಿಯೂ ಇಂಥ ವಿಭಜನೆಯಿದೆಯೆಂಬುದಕ್ಕೆ ರೋಗಿಗಳೇ ಸಾಕ್ಷಿ. ಜರ್ಮನಿಯ ಯೋಸೆಫ್ ತ್ಸೀಲ್ ಮತ್ತು ಸಂಗಡಿಗರು 1983ರಲ್ಲಿ ವರ್ಣಿಸಿದ ಮಹಿಳೆಗೆ ಮೆದುಳಿನ ರೋಗದಿಂದ ಚಲನೆಯ ಗ್ರಹಿಕೆಯೊಂದೇ ನಷ್ಟವಾಗಿತ್ತು. ಬಟ್ಟಲಿಗೆ ಚಹ ಸುರಿಯುವಾಗ ಧಾರೆ ಹೆಪ್ಪುಗಟ್ಟಿ ನಿಂತಂತೆ ಅವರಿಗೆ ಕಾಣುತ್ತಿತ್ತು. ಬಟ್ಟಲು ತುಂಬುತ್ತ ಬಂದದ್ದು ತಿಳಿಯುತ್ತಿರಲಿಲ್ಲ. ರಸ್ತೆ ದಾಟುವಾಗ ದೂರದಲ್ಲಿದ್ದ ವಾಹನ ಒಮ್ಮೆಲೇ ಹತ್ತಿರದಲ್ಲಿ ಪ್ರತ್ಯಕ್ಷವಾಗುತ್ತಿತ್ತು.

ಇನ್ನೊಬ್ಬ ಮಹಿಳೆಗೆ 1988ರಲ್ಲಿ ಸ್ನಾನದ ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಸೇವನೆಯಾಗಿ ಮೆದುಳಿಗೆ ಪೆಟ್ಟು ಬಿತ್ತು. ಬಣ್ಣವನ್ನು ಗುರುತಿಸಬಲ್ಲವರಾಗಿದ್ದರೂ ವಸ್ತುಗಳ ಆಕಾರವನ್ನು ಹೇಳಲಾರದವರಾದರು. ಡೇವಿಡ್ ಮಿಲ್ನರ್ ಮತ್ತು ಮೆಲ್ವಿನ್ ಗುಡೇಲ್ ಅವರನ್ನು ಪರೀಕ್ಷಿಸಿದರು. ಅಂಚೆಪೆಟ್ಟಿಗೆಯ ಬಾಯಿಯಂಥ ಸೀಳನ್ನು ತೋರಿಸಿ ಅದು ಎತ್ತ ಓರೆಯಾಗಿದೆಯೆಂದು ಕೇಳಿದರೆ ಆಕೆ ಹೇಳಲಾರರು. ಆದರೆ ಕೈಗೆ ಕಾರ್ಡನ್ನು ಕೊಟ್ಟು ಅದರೊಳಗೆ ಹಾಕಿರೆಂದರೆ ಕೈ ತಾನಾಗಿಯೇ ತಕ್ಕಂತೆ ತಿರುಗಿ ಕಾರ್ಡನ್ನು ಸೀಳಿನೊಳಗೆ ಸೇರಿಸುತ್ತಿತ್ತು. 1991ರಲ್ಲಿ ಈ ವಿವರ ಪ್ರಕಟವಾಯಿತು. ಹಿಂದಲೆಯಿಂದ ಕೆಳಮುಖವಾಗಿ ಸಾಗುವ ಹಾದಿ ವಸ್ತು ಯಾವುದೆಂಬುದನ್ನು ತಿಳಿಸುತ್ತದೆ, ಮೇಲ್ಮುಖವಾಗಿ ಸಾಗುವ ಹಾದಿ ಕೈಕಾಲುಗಳ ಕ್ರಿಯೆಗೆ ಮಾರ್ಗದರ್ಶನ ಮಾಡುತ್ತದೆ ಎಂಬ ತೀರ್ಮಾನಕ್ಕೆ ಅವರಿಬ್ಬರೂ ಬಂದರು. ಕೈಗೆ ತಿಳಿದದ್ದು ಆ ಮಹಿಳೆಯ ಅರಿವಿಗೆ ನಿಲುಕದೆ ಹೋದದ್ದು ಇಲ್ಲಿಯ ಮುಖ್ಯಾಂಶ.

ಕಾಣದೆಯೂ ಕಂಡವರು

ಅರಿವಿಲ್ಲದ ನೋಟಕ್ಕೆ ಇದಕ್ಕಿಂತಲೂ ಬೆರಗುಗೊಳಿಸುವ ನಿದರ್ಶನ ‘ಅಂಧದೃಷ್ಟಿ’ಯದು. ಇಂಗ್ಲೆಂಡಿನ ಮನೋವಿಜ್ಞಾನಿ ಲಾರೆನ್ಸ್ ವೈಸ್‌ಕ್ರಾಂಟ್ಸ್ 1960ರ ದಶಕದಲ್ಲಿ ಹೆಲೆನ್ ಎಂಬ ಹೆಸರಿನ ಕೋತಿಯ ದೃಷ್ಟಿಕೇಂದ್ರವನ್ನು ಶಸ್ತ್ರಕ್ರಿಯೆಯಿಂದ ತೆಗೆದಿದ್ದರು. ಅದು ಕುರುಡಾಯಿತೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಅವರ ಶಿಷ್ಯ ನಿಕೊಲಸ್ ಹಂಫ್ರಿ ವರ್ಷಗಟ್ಟಲೆ ಅದರೊಡನೆ ಕಾಲ ಕಳೆದು, ತೋಟಗಳಲ್ಲಿ ಅಡ್ಡಾಡಿಸಿ ತರಬೇತಿ ನೀಡಿದಾಗ ಅದು ಅಡೆತಡೆಗಳನ್ನು ಬಳಸಿ ಓಡಾಡಲೂ ನೆಲದ ಮೇಲಿನ ಪುಟ್ಟ ಕಾಳಿನಂಥ ತಿನಿಸನ್ನು ಹೆಕ್ಕಲೂ ಸಮರ್ಥವಾಯಿತು. ಕೋತಿಗೆ ಏನನಿಸುತ್ತದೆಂದು ಕೇಳುವಂತಿಲ್ಲ. ಕೇಳಲು ಮನುಷ್ಯನೇ ಬೇಕಾಗಿತ್ತು.

1973ರಲ್ಲಿ ಲಂಡನ್ನಿನಲ್ಲಿ ಒಬ್ಬ ರೋಗಿಗೆ, ರಕ್ತನಾಳಗಳು ಅಸಹಜವಾಗಿ ಬೆಳೆದು ತೀವ್ರ ತಲೆನೋವು ತರುತ್ತಿದ್ದ ಕಾರಣ, ಬಲ ಹಿಂದಲೆಯ ಒಂದು ಭಾಗವನ್ನು ತೆಗೆಯಬೇಕಾಯಿತು. ವೈದ್ಯಕೀಯ ಬರಹಗಳಲ್ಲಿ ಆತನನ್ನು ಡಿ.ಬಿ. ಎಂಬ ಅಕ್ಷರಗಳಿಂದಷ್ಟೇ ಗುರುತಿಸಲಾಗಿದೆ. ಶಸ್ತ್ರಚಿಕಿತ್ಸೆಯ ಅನಂತರ ದೃಶ್ಯದ ಎಡಭಾಗ ಆತನಿಗೆ ಕಾಣದಾಯಿತು. ವೈಸ್‌ಕ್ರಾಂಟ್ಸ್ ಮತ್ತು ಅವರ ಸಹೋದ್ಯೋಗಿಗಳು ಆ ಕಾಣದ ಭಾಗದಲ್ಲಿಯೇ ಬೆಳಕಿನ ಚುಕ್ಕೆಯನ್ನು ತೋರಿಸಿ, ಅದು ಎಲ್ಲಿದೆಯೆಂದು ಊಹಿಸಿ ಕೈಚಾಚಲು ಹೇಳಿದರು. ಏನೂ ಕಾಣುತ್ತಿಲ್ಲವೆನ್ನುತ್ತಲೇ ಆತ ಕೈಚಾಚಿದ; ಕೈ ಬಹುಮಟ್ಟಿಗೆ ಸರಿಯಾದ ಸ್ಥಳಕ್ಕೇ ಹೋಯಿತು. ಗೆರೆ ನೆಟ್ಟಗಿದೆಯೋ ಅಡ್ಡಲಾಗಿದೆಯೋ ಎಂದು ಕೇಳಿದಾಗಲೂ ಆತನ ‘ಊಹೆ’ ಬಹುಪಾಲು ಸರಿಯಾಗಿಯೇ ಇತ್ತು. ಫಲಿತಾಂಶವನ್ನು ತಿಳಿಸಿದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ಆತನೇ. ಈ ವರದಿ 1974ರಲ್ಲಿ ಪ್ರಕಟವಾಯಿತು.

2008ರಲ್ಲಿ ಬೆಯಾಟ್ರಿಸ್ ಡಿ ಗೆಲ್ಡರ್ ಮತ್ತು ಸಂಗಡಿಗರು ಇನ್ನೂ ಸ್ಪಷ್ಟವಾದ ನಿದರ್ಶನವನ್ನು ಮುಂದಿಟ್ಟರು. ಒಬ್ಬ ವೈದ್ಯರಿಗೆ ಎರಡು ಸಲ ಮೆದುಳಿನ ಆಘಾತವಾಗಿ ಎರಡೂ ಬದಿಯ ದೃಷ್ಟಿಕೇಂದ್ರಗಳು ನಾಶವಾಗಿದ್ದವು. ಕೋಲಿನ ಸಹಾಯದಿಂದ ನಡೆಯುತ್ತಿದ್ದ ಅವರಿಗೆ ಒಂದು ಪಡಸಾಲೆಯಲ್ಲಿ ಕೋಲಿಲ್ಲದೆ ನಡೆಯಲು ಹೇಳಲಾಯಿತು. ಅಲ್ಲಿ ಪೆಟ್ಟಿಗೆಗಳೇ ಮೊದಲಾದ ಅಡೆತಡೆಗಳನ್ನು ಇರಿಸಿದ್ದ ಸಂಗತಿ ಅವರಿಗೆ ತಿಳಿದಿರಲಿಲ್ಲ. ಅವರು ಒಂದನ್ನೂ ತಾಗದೆ ಎಲ್ಲವನ್ನೂ ಬಳಸಿಕೊಂಡು ಆಚೆಯ ಕೊನೆಯನ್ನು ಮುಟ್ಟಿದರು. ತಾವು ಏನನ್ನಾದರೂ ಬಳಸಿ ನಡೆದೆವೆಂಬುದೂ ಅವರಿಗೆ ಗೊತ್ತಾಗಲಿಲ್ಲ.

ಇದು ಪವಾಡವಲ್ಲ. ಕಣ್ಣಿನಿಂದ ಹೊರಟ ತಂತುಗಳೆಲ್ಲವೂ ಹಿಂದಲೆಯ ಹಾದಿಯನ್ನು ಹಿಡಿಯುವುದಿಲ್ಲ. ಸುಮಾರು ಹತ್ತರಲ್ಲಿ ಒಂದು ಪಾಲು ಮೆದುಳಿನ ಬುಡದ ಸಮೀಪವಿರುವ, ಮೀನು ಕಪ್ಪೆಗಳಲ್ಲಿಯೂ ಕಾಣಬರುವ ಪುರಾತನವಾದ ಕೇಂದ್ರಕ್ಕೆ ಹೋಗುತ್ತದೆ. ಥಲಾಮಸ್ಸಿನಿಂದ ಚಲನೆಯ ಕ್ಷೇತ್ರಕ್ಕೆ ನೇರವಾಗಿ ಹೋಗುವ ಒಳದಾರಿಯೂ ಇದೆ. ಹೆದ್ದಾರಿ ಕಡಿದುಹೋದಾಗಲೂ ಈ ಕಾಲುದಾರಿಗಳು ಕೆಲಸ ಮಾಡುತ್ತವೆ. ಡಿ.ಬಿ.ಯಂಥವರಲ್ಲಿ ತೀರ ಮಸುಕಾದ ಅರಿವು ಉಳಿದಿರಬಹುದು, ಅದನ್ನು ‘ಕಾಣುವುದು’ ಎಂದು ಹೇಳಲು ಅವರು ಹಿಂಜರಿಯುತ್ತಿರಬಹುದು ಎಂದು ವಾದಿಸುವ ತಜ್ಞರೂ ಇದ್ದಾರೆ. ಆ ಚರ್ಚೆ ಮುಗಿದಿಲ್ಲ. ಆದರೂ ಸಾಮಾನ್ಯ ನೋಟದಲ್ಲಿರುವ ಅನುಭವ ಅವರಿಗಿಲ್ಲದೆಯೇ ಮೆದುಳು ನೋಟದ ಕೆಲಸವನ್ನು ಸಾಕಷ್ಟು ಮಾಡುತ್ತದೆಂಬುದನ್ನು ಯಾರೂ ಅಲ್ಲಗಳೆದಿಲ್ಲ.

ಅರಿವು ಎಲ್ಲಿ ಮೂಡುತ್ತದೆ?

ಹಾಗಾದರೆ ಮೆದುಳಿನ ಯಾವ ವ್ಯಾಪಾರದಿಂದ ನೋಟ ಅರಿವಾಗುತ್ತದೆ? ಇದನ್ನು ಶೋಧಿಸಲು ವಿಜ್ಞಾನಿಗಳು ಜಾಣ ಉಪಾಯವೊಂದನ್ನು ಬಳಸಿದ್ದಾರೆ. ಕಣ್ಣಿನ ಮುಂದಿನ ದೃಶ್ಯ ಬದಲಾಗದೆ ಇರುವಾಗ ಅನುಭವ ಮಾತ್ರ ಬದಲಾಗುವಂತೆ ಮಾಡಿದರೆ, ಅನುಭವದೊಡನೆ ಬದಲಾಗುವ ನರಕೋಶಗಳನ್ನು ಬೇರ್ಪಡಿಸಿ ನೋಡಬಹುದು. ಒಂದು ಕಣ್ಣಿಗೆ ಒಂದು ಚಿತ್ರವನ್ನೂ ಇನ್ನೊಂದು ಕಣ್ಣಿಗೆ ಬೇರೆಯೇ ಚಿತ್ರವನ್ನೂ ಏಕಕಾಲಕ್ಕೆ ತೋರಿಸಿದರೆ ಮನುಷ್ಯನಿಗೆ ಎರಡೂ ಕಲಸಿದ ಚಿತ್ರ ಕಾಣುವುದಿಲ್ಲ. ಕೆಲವು ಕ್ಷಣ ಒಂದು, ಕೆಲವು ಕ್ಷಣ ಮತ್ತೊಂದು ಹೀಗೆ ಸರದಿಯಂತೆ ಕಾಣುತ್ತವೆ. ನಿಕೋಸ್ ಲೊಗೊಥೆಟಿಸ್ ಮತ್ತು ಸಂಗಡಿಗರು ತಮಗೆ ಯಾವ ಚಿತ್ರ ಕಾಣುತ್ತಿದೆಯೆಂದು ಸನ್ನೆಗೋಲನ್ನೆಳೆದು ತಿಳಿಸುವಂತೆ ಕೋತಿಗಳಿಗೆ ಕಲಿಸಿ, ಅವುಗಳ ನರಕೋಶಗಳನ್ನು ಪರಿಶೀಲಿಸಿದರು. ಹಿಂದಲೆಯ ಮೊದಲ ದೃಷ್ಟಿಕೇಂದ್ರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕೋಶಗಳು ಮಾತ್ರ ಅನುಭವದೊಡನೆ ಬದಲಾದವು. ವಸ್ತುಗಳನ್ನು ಗುರುತಿಸುವ, ಕಪೋಲದ ಬಳಿಯ ಕ್ಷೇತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕೋಶಗಳು ಅನುಭವವನ್ನೇ ಹಿಂಬಾಲಿಸಿದುವೆಂದು 1997ರಲ್ಲಿ ಅವರು ಪ್ರಕಟಿಸಿದರು. ಮೊದಲ ಕೇಂದ್ರ ಕಣ್ಣಿಗೆ ಬಿದ್ದದ್ದಕ್ಕೆ ಹತ್ತಿರವಾದರೆ, ಮುಂದಿನ ಕ್ಷೇತ್ರಗಳು ಮನಸ್ಸಿಗೆ ತೋರಿದ್ದಕ್ಕೆ ಹತ್ತಿರವೆಂದು ಇದರಿಂದ ಅರ್ಥವಾಗುತ್ತದೆ.

ಅವಧಾನದ ಪಾತ್ರವೂ ಇಲ್ಲಿ ದೊಡ್ಡದು. 1999ರಲ್ಲಿ ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೊಫರ್ ಶಬ್ರಿ ಪ್ರಕಟಿಸಿದ ಪ್ರಯೋಗದಲ್ಲಿ, ಚೆಂಡಾಟದ ಚಲನಚಿತ್ರವನ್ನು ತೋರಿಸಿ ಆಟಗಾರರು ಎಷ್ಟು ಸಲ ಚೆಂಡನ್ನು ದಾಟಿಸಿದರೆಂದು ಎಣಿಸಲು ಹೇಳಲಾಯಿತು. ನಡುವೆ ಗೊರಿಲ್ಲದ ವೇಷ ತೊಟ್ಟ ವ್ಯಕ್ತಿಯೊಬ್ಬರು ಆಟಗಾರರ ಮಧ್ಯದಲ್ಲಿಯೇ ಹಾದುಹೋದರೂ ನೋಡಿದವರಲ್ಲಿ ಸುಮಾರು ಅರ್ಧದಷ್ಟು ಜನ ಅದನ್ನು ಗಮನಿಸಲಿಲ್ಲ. ದೃಶ್ಯ ಅವರ ಕಣ್ಣಿಗೆ ಬೀಳದೆ ಇರಲಿಲ್ಲ, ಅರಿವಿಗೆ ಬರಲಿಲ್ಲ. ಕರಿಹಲಗೆಯ ಮೇಲೆ ಬರೆದುದೆಲ್ಲ ಮಕ್ಕಳಿಗೆ ಕಂಡೇ ಇರಬೇಕೆಂದು ಭಾವಿಸುವ ಮುನ್ನ ಉಪಾಧ್ಯಾಯರು ಈ ಪ್ರಯೋಗವನ್ನು ನೆನೆಯುವುದು ಒಳ್ಳೆಯದು.

ಆದರೆ ಮೂಲ ಪ್ರಶ್ನೆ ಇನ್ನೂ ಉಳಿದಿದೆ. ನರಕೋಶಗಳ ವಿದ್ಯುತ್ ಸ್ಪಂದನದಿಂದ ಕೆಂಪು ಬಣ್ಣದ ಅನುಭವ ಏಕೆ ಹುಟ್ಟಬೇಕು? ಅನುಭವವೇ ಇಲ್ಲದೆ ಎಲ್ಲ ಕೆಲಸವೂ ನಡೆದುಹೋಗಬಹುದಾಗಿತ್ತಲ್ಲ? ತತ್ತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1990ರ ದಶಕದಲ್ಲಿ ಇದನ್ನೇ ‘ಕಠಿಣ ಸಮಸ್ಯೆ’ ಎಂದು ಕರೆದರು. ಪ್ರಜ್ಞೆಗೆ ಕಾರಣವಾದ ನರವ್ಯಾಪಾರ ಇಪ್ಪತ್ತೈದು ವರ್ಷಗಳೊಳಗೆ ಸ್ಪಷ್ಟವಾಗಿ ಪತ್ತೆಯಾಗುವುದೆಂದು ನರವಿಜ್ಞಾನಿ ಕ್ರಿಸ್ಟೊಫ್ ಕೋಖ್ 1998ರಲ್ಲಿ ಚಾಮರ್ಸರೊಡನೆ ಪಂಥ ಕಟ್ಟಿದರು. 2023ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ವಿದ್ವತ್ಸಭೆಯಲ್ಲಿ ಕೋಖ್ ತಾವು ಸೋತೆವೆಂದು ಒಪ್ಪಿಕೊಂಡರು. ಎದುರಾಳಿ ಸಿದ್ಧಾಂತಗಳೆರಡನ್ನು ಅವುಗಳ ಪ್ರತಿಪಾದಕರ ಸಮ್ಮತಿಯಿಂದಲೇ ಪರೀಕ್ಷೆಗೊಡ್ಡಿದ ಮಹಾಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಅದರಲ್ಲಿ 256 ಜನರು ಭಾಗವಹಿಸಿದ್ದರು. ಅರಿವು ಮೆದುಳಿನ ಹಿಂಭಾಗದ ಪರಸ್ಪರ ಬೆಸೆದ ಜಾಲದಲ್ಲಿದೆಯೆಂಬುದು ಒಂದು ಸಿದ್ಧಾಂತ. ಸಮಾಚಾರ ಮುಂದಲೆಯ ಮೂಲಕ ಮೆದುಳಿಗೆಲ್ಲ ಸಾರಲ್ಪಟ್ಟಾಗ ಅರಿವು ಮೂಡುತ್ತದೆಂಬುದು ಇನ್ನೊಂದು. ಎರಡರ ಕೆಲವು ನಿರೀಕ್ಷೆಗಳು ಫಲಿಸಿದುವು, ಮುಖ್ಯವಾದ ಕೆಲವು ಫಲಿಸಲಿಲ್ಲ. ತಮ್ಮ ಮತವನ್ನು ಸೋಲಿಸಬಲ್ಲ ಪರೀಕ್ಷೆಗೆ ವಿದ್ವಾಂಸರು ತಾವಾಗಿಯೇ ಒಪ್ಪಿಕೊಂಡದ್ದು ಅನುಕರಣೀಯವಾದ ನಡೆ.

ಎಳೆಯ ಮೆದುಳು ಕಲಿಯುವ ನೋಟ

ಎರಡು ಕಣ್ಣುಗಳ ಚಿತ್ರಗಳು ಹೊಂದದಿದ್ದಾಗ ಮೆದುಳು ಒಂದನ್ನು ಅರಿವಿನಿಂದ ಹೊರಗಿಡುತ್ತದೆಂಬುದನ್ನು ಮೇಲೆ ಕಂಡದ್ದಾಯಿತು. ವಯಸ್ಕರಲ್ಲಿ ಇದು ಕ್ಷಣಕಾಲದ ಆಟ. ಎಳೆಯ ಮಗುವಿನಲ್ಲಿ ಇಂಥದೇ ತಿರಸ್ಕಾರ ಶಾಶ್ವತವಾಗಿಬಿಡಬಹುದು. ಹ್ಯೂಬೆಲ್ ಮತ್ತು ವೀಸೆಲ್ 1963ರಿಂದ ಪ್ರಕಟಿಸಿದ ಪ್ರಯೋಗಗಳು ಇದನ್ನು ತೋರಿಸಿದುವು. ಬೆಕ್ಕಿನ ಮರಿಯ ಒಂದು ಕಣ್ಣನ್ನು ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮುಚ್ಚಿಟ್ಟು ಅನಂತರ ತೆರೆದರೆ, ಕಣ್ಣು ಆರೋಗ್ಯವಾಗಿಯೇ ಇದ್ದರೂ ಮರಿಗೆ ಆ ಕಣ್ಣಿನಿಂದ ಕಾಣುತ್ತಿರಲಿಲ್ಲ. ಮೆದುಳಿನ ಕೋಶಗಳು ತೆರೆದಿದ್ದ ಕಣ್ಣಿಗೇ ಒಲಿದುಬಿಟ್ಟಿದ್ದವು. ಬೆಳೆದ ಬೆಕ್ಕಿನ ಕಣ್ಣನ್ನು ಅಷ್ಟೇ ಕಾಲ ಮುಚ್ಚಿದರೂ ಅಂಥ ಹಾನಿಯಾಗಲಿಲ್ಲ. ನೋಡುವುದನ್ನು ಮೆದುಳು ಎಳವೆಯಲ್ಲಿಯೇ ಕಲಿಯಬೇಕು. ಆ ಋತು ಕಳೆದರೆ ಬಿತ್ತಿದ್ದು ಪೂರ್ತಿಯಾಗಿ ಬೆಳೆಯುವುದಿಲ್ಲ.

ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ನಡೆಸಿದ ನೇತ್ರ ಶಿಬಿರಗಳನ್ನು ಕರ್ನಾಟಕದ ಹಿರಿಯರು ಬಲ್ಲರು. ಮುಪ್ಪಿನಲ್ಲಿ ಪೊರೆ ಬಂದು ಕಾಣದಾಗಿದ್ದವರು ಶಸ್ತ್ರಚಿಕಿತ್ಸೆಯಿಂದ ಮತ್ತೆ ಮಕ್ಕಳು ಮೊಮ್ಮಕ್ಕಳ ಮುಖವನ್ನು ಗುರುತಿಸುವಂತಾಗುತ್ತಿದ್ದುದಕ್ಕೆ, ಅವರ ಮೆದುಳು ಬಾಲ್ಯದಲ್ಲಿಯೇ ನೋಡಲು ಕಲಿತಿದ್ದುದೂ ಕಾರಣ. ಹುಟ್ಟಿನಿಂದಲೇ ಪೊರೆಯಿರುವ ಮಗುವಿನ ಸ್ಥಿತಿ ಬೇರೆ. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪವನ್ ಸಿನ್ಹಾ ಅವರು ಭಾರತದಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ಪ್ರಕಾಶ್’ ಅಂಥ ಮಕ್ಕಳನ್ನು ಹಳ್ಳಿಗಳಲ್ಲಿ ಗುರುತಿಸಿ, ದೆಹಲಿಯಲ್ಲಿ ಚಿಕಿತ್ಸೆ ಕೊಡಿಸಿ, ಅವರು ನೋಡಲು ಕಲಿಯುವ ಬಗೆಯನ್ನು ಅಧ್ಯಯನ ಮಾಡುತ್ತ ಬಂದಿದೆ. 2011ರಲ್ಲಿ ಪ್ರಕಟವಾದ ವರದಿಯಲ್ಲಿ 8ರಿಂದ 17 ವರ್ಷದ ಐವರನ್ನು ಪರೀಕ್ಷಿಸಲಾಗಿತ್ತು. ಚಿಕಿತ್ಸೆಯಾದ ಕೂಡಲೆ, ಕೈಯಿಂದ ಮುಟ್ಟಿ ಅರಿತ ವಸ್ತುವನ್ನು ಕಣ್ಣಿನಿಂದ ನೋಡಿ ಗುರುತಿಸಲು ಅವರಿಂದಾಗಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಸುಧಾರಣೆ ಕಂಡುಬಂತು. ತಡವಾದರೂ ಚಿಕಿತ್ಸೆ ವ್ಯರ್ಥವಲ್ಲವೆಂದೂ ಬೇಗ ದೊರೆತಷ್ಟೂ ಲಾಭ ಹೆಚ್ಚೆಂದೂ ಇದರಿಂದ ತಿಳಿಯಬೇಕು.

ಹುಟ್ಟುಪೊರೆ ವಿರಳ. ಆದರೆ ‘ಸೋಮಾರಿ ಕಣ್ಣು’ ಎಂದು ಕರೆಯಲಾಗುವ ದೋಷ ಹಲವು ದೇಶಗಳ ಅಂದಾಜಿನಂತೆ ನೂರು ಮಕ್ಕಳಲ್ಲಿ ಒಬ್ಬರಿಂದ ಮೂವರವರೆಗೆ ಇರುತ್ತದೆ. ಮಾಲುಗಣ್ಣಿನಿಂದಲೋ ಎರಡು ಕಣ್ಣುಗಳ ಶಕ್ತಿಯಲ್ಲಿರುವ ವ್ಯತ್ಯಾಸದಿಂದಲೋ ಒಂದು ಕಣ್ಣಿನ ಚಿತ್ರ ಕೆಟ್ಟಿದ್ದರೆ ಮೆದುಳು ಅದನ್ನು ಬದಿಗಿಟ್ಟು ಇನ್ನೊಂದರ ಮೇಲೆಯೇ ನಿಲ್ಲುತ್ತದೆ. ಮಗು ದೂರು ಹೇಳುವುದಿಲ್ಲ. ತನಗೆ ಏನೋ ಕಾಣುತ್ತಿಲ್ಲವೆಂಬುದೇ ಅದಕ್ಕೆ ತಿಳಿದಿರುವುದಿಲ್ಲ. ಒಳ್ಳೆಯ ಕಣ್ಣಿನಿಂದ ಓದು ಬರಹ ಸಾಗುವುದರಿಂದ ತಾಯಿತಂದೆಗಳಿಗೂ ಗೊತ್ತಾಗುವುದಿಲ್ಲ. ಏಳು ವರ್ಷದೊಳಗೆ ಪತ್ತೆಯಾದರೆ ತಕ್ಕ ಕನ್ನಡಕದಿಂದಲೂ, ಒಳ್ಳೆಯ ಕಣ್ಣನ್ನು ದಿನಕ್ಕೆ ಕೆಲವು ಗಂಟೆ ಮುಚ್ಚಿ ದುರ್ಬಲವಾದುದಕ್ಕೆ ಕೆಲಸ ಕೊಡುವುದರಿಂದಲೂ ಬಹುತೇಕ ಮಕ್ಕಳಲ್ಲಿ ಒಳ್ಳೆಯ ಗುಣ ಕಾಣುತ್ತದೆ. ವಯಸ್ಸು ಏರಿದಂತೆ ಫಲ ಕಡಿಮೆಯಾಗುತ್ತದೆ, ಪೂರ್ತಿ ಇಲ್ಲವಾಗುವುದಿಲ್ಲ. ಇಂಥ ಚಿಕಿತ್ಸೆ ನೇತ್ರವೈದ್ಯರ ಸಲಹೆಯಂತೆಯೇ ನಡೆಯಬೇಕು.

ಪತ್ತೆಹಚ್ಚುವುದಕ್ಕೆ ಬೇಕಾದುದು ಬಹಳ ಅಲ್ಪ. 6 ಮೀಟರ್ ದೂರದಲ್ಲಿ ಅಕ್ಷರಗಳ ಪಟ, ಒಳ್ಳೆಯ ಬೆಳಕು, ಐದು ನಿಮಿಷಗಳ ಸಹನೆ. ಎರಡೂ ಕಣ್ಣುಗಳಿಂದ ಒಟ್ಟಿಗೆ ಓದಿಸಿದರೆ ದೋಷ ಹೊರಬೀಳುವುದಿಲ್ಲ. ಒಂದೊಂದೇ ಕಣ್ಣನ್ನು ಮುಚ್ಚಿ ಓದಿಸಬೇಕು. ಒಂದನೆಯ ತರಗತಿಗೆ ಸೇರುವ ಪ್ರತಿ ಮಗುವಿಗೂ ಈ ಪರೀಕ್ಷೆ ನಡೆಯುವಂತೆ ಶಾಲೆಗಳು ಏರ್ಪಾಡು ಮಾಡಿಕೊಂಡರೆ, ಕನ್ನಡಕದ ವೆಚ್ಚವನ್ನು ಭರಿಸಲಾರದ ಮನೆಗಳಿಗೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ನೆರವಾದರೆ, ಎಷ್ಟೋ ಮಕ್ಕಳ ಒಂದು ಕಣ್ಣು ಉಳಿಯುತ್ತದೆ. ಕಟ್ಟಡಕ್ಕೆ ಕೊಟ್ಟ ಕಾಣಿಕೆಯಂತೆ ಇದು ಎಲ್ಲರ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಶಕ್ತಿಯನ್ನೇ ಉಳಿಸುತ್ತದೆ.

ಜಡವಾದ ನರಕೋಶಗಳ ಮಿಡಿತ ಅರಿವಾಗಿ ಅರಳುವ ಬಗೆಯನ್ನು ವಿಜ್ಞಾನ ಇನ್ನೂ ಪೂರ್ತಿಯಾಗಿ ಬಿಡಿಸಿ ಹೇಳಿಲ್ಲ. ಆ ಉತ್ತರಕ್ಕಾಗಿ ಲೋಕ ಕಾಯಬಹುದು. ಆರು ವರ್ಷದ ಮಗು ಕಾಯಲಾರದು.